ನಾಮಫಲಕ ಇಳಿಸುವ ಮುನ್ನ

ರಾಜ್ಯದಲ್ಲಿ ಹೊಸದಾಗಿ ಸ್ಥಾಪನೆಯಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಿ, ಮಾತೃಸಂಸ್ಥೆಗಳೊಡನೆ ವಿಲೀನಗೊಳಿಸುವುದು ಸೂಕ್ತವೆಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಚಿವ ಸಂಪುಟ ಉಪಸಮಿತಿಯು 2025ರ ಫೆಬ್ರುವರಿಯಲ್ಲಿ ಅಭಿಪ್ರಾಯಪಟ್ಟಿತು. ಉಳಿಸಿಕೊಳ್ಳಲು ಯೋಗ್ಯವೆನಿಸಿದ್ದು ಬೀದರ್ ಒಂದೇ. ಮುಚ್ಚಬೇಕಾದವುಗಳ ಪಟ್ಟಿಯಲ್ಲಿ ಹಾಸನ ವಿಶ್ವವಿದ್ಯಾಲಯವೂ ಇತ್ತು. 2022ರಲ್ಲಿ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಂದ ತಿದ್ದುಪಡಿಯ ಮೂಲಕ ಮೈಸೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು, 2023ರ ಮಾರ್ಚ್ ತಿಂಗಳಲ್ಲಿ ಚಾಲನೆ ಪಡೆದ ಈ ಸಂಸ್ಥೆಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಸರ್ಕಾರದ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೊಸ ಭೂಮಿ, ಹೊಸ ಕಟ್ಟಡ, ಹೊಸ ಹುದ್ದೆಗಳ ಹೊರೆಯಿಲ್ಲದೆ, ಇದ್ದ ಸ್ನಾತಕೋತ್ತರ ಕೇಂದ್ರಗಳನ್ನೇ ಬಳಸಿಕೊಂಡು ಕಡಿಮೆ ವೆಚ್ಚದಲ್ಲಿ ವಿಶ್ವವಿದ್ಯಾಲಯಗಳನ್ನು ಕಟ್ಟುವುದು ಹಿಂದಿನ ಸರ್ಕಾರದ ಕಲ್ಪನೆಯಾಗಿತ್ತು. ಹಾಸನದಲ್ಲಿ ಅದರ ಅರ್ಥವೇನೆಂದರೆ, ಹೇಮಗಂಗೋತ್ರಿಯ ಸ್ನಾತಕೋತ್ತರ ಕೇಂದ್ರಕ್ಕೆ ವಿಶ್ವವಿದ್ಯಾಲಯವೆಂಬ ಹೆಸರು ಬಂತು; ಹೆಸರಿಗೆ ತಕ್ಕ ಸಂಪನ್ಮೂಲ ಬರಲಿಲ್ಲ. ಅತ್ತ ನಿವೃತ್ತಿ ವೇತನದ ಭಾರದಲ್ಲಿ ಬಳಲುತ್ತಿದ್ದ ಮೈಸೂರು ವಿಶ್ವವಿದ್ಯಾಲಯ, ಸಂಯೋಜಿತ ಕಾಲೇಜುಗಳಿಂದ ಬರುತ್ತಿದ್ದ ಶುಲ್ಕದ ಒಂದು ಪಾಲನ್ನು ಕಳೆದುಕೊಂಡಿತು. ತಾಯಿಗೂ ಸುಖವಿಲ್ಲ, ಮಗುವಿಗೂ ಹಾಲಿಲ್ಲ ಎಂಬಂಥ ಸ್ಥಿತಿ. ಪದವಿ ಪತ್ರದ ಮೇಲೆ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದ ಹೆಸರೇ ಇರಲಿ ಎಂದು ಬಯಸುವ ವಿದ್ಯಾರ್ಥಿಗಳೂ ಇದ್ದಾರೆ. ಅವರ ಆತಂಕ ಸಹಜವಾದುದು.

ಆದರೆ ಮೇವು ಹಾಕದೆ ಕಟ್ಟಿದ ಹಸು ಹಾಲು ಕರೆಯಲಿಲ್ಲವೆಂದು ಅದನ್ನು ಕಟುಕನಿಗೆ ಕೊಡುವುದು ವಿವೇಕವೇ ಎಂಬ ಪ್ರಶ್ನೆ ಉಳಿಯುತ್ತದೆ.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ತಾಲ್ಲೂಕು ಕೇಂದ್ರಗಳು ಹಾಸನದಿಂದ ಸುಮಾರು ನಲವತ್ತು ಕಿಲೋಮೀಟರುಗಳ ಒಳಗಿವೆ. ಬೆಳಿಗ್ಗೆ ಬಸ್ಸು ಹಿಡಿದು ತರಗತಿಗೆ ಹೋಗಿ, ಸಂಜೆ ಮನೆಗೆ ಮರಳಬಹುದಾದ ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಆ ಪ್ರಯಾಣದ ಖರ್ಚೂ ಇಲ್ಲವಾಯಿತು. ಮೈಸೂರಿಗೆ ಹೋಗಬೇಕೆಂದರೆ ಹಾಸ್ಟೆಲ್ ಬೇಕು, ತಿಂಗಳ ಖರ್ಚು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಮನೆಯವರ ಒಪ್ಪಿಗೆ ಬೇಕು. ಪದವಿ ಮುಗಿಸಿದ ಮಗಳನ್ನು ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂಬ ತೀರ್ಮಾನ ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಈ ದೂರವನ್ನೇ ಅವಲಂಬಿಸಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಓದಿಗಾಗಿ ಮೈಸೂರು ಸೇರಿದರು. ಅಸಾಧಾರಣ ಛಲವುಳ್ಳವರಿಗೆ ದಾರಿ ಹೇಗಾದರೂ ತೆರೆದುಕೊಳ್ಳುತ್ತದೆ. ಪ್ರಾದೇಶಿಕ ವಿಶ್ವವಿದ್ಯಾಲಯ ಬೇಕಾಗಿರುವುದು ಸಾಧಾರಣ ಮನೆಯ, ಸಾಧಾರಣ ಧೈರ್ಯದ ಮಕ್ಕಳಿಗೆ.

ವಿಲೀನವಾದರೂ ಹೇಮಗಂಗೋತ್ರಿಯ ತರಗತಿಗಳು ನಿಲ್ಲುವುದಿಲ್ಲವಲ್ಲ ಎಂದು ಕೇಳಬಹುದು. ನಿಜ. ಬಸ್ಸು ಓಡುತ್ತದೆ, ಪಾಠವೂ ನಡೆಯುತ್ತದೆ. ಕಳೆದುಹೋಗುವುದು ನಿರ್ಧರಿಸುವ ಅಧಿಕಾರ. ಯಾವ ವಿಭಾಗ ತೆರೆಯಬೇಕು, ಯಾವ ಪಠ್ಯ ಇರಬೇಕು, ಯಾವ ಸಂಶೋಧನೆಗೆ ಹಣ ಕೊಡಬೇಕು ಎಂಬುದನ್ನು ತೀರ್ಮಾನಿಸುವ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತುಗಳು ಮತ್ತೆ ಮೈಸೂರಿನಲ್ಲಿರುತ್ತವೆ. ದೊಡ್ಡ ಸಂಸ್ಥೆಯೊಂದರ ಕಾರ್ಯಸೂಚಿಯಲ್ಲಿ ದೂರದ ಕೇಂದ್ರವೊಂದರ ಅಗತ್ಯ ಕೊನೆಯ ಸಾಲಿಗೆ ಸರಿಯುವುದು ಯಾರ ದುರುದ್ದೇಶವೂ ಅಲ್ಲ. ಆಡಳಿತದ ಸ್ವಭಾವವೇ ಅದು.

ಈ ವಿಶ್ವವಿದ್ಯಾಲಯಗಳು ಏಕೆ ಬಡವಾಗಿವೆ ಎಂಬುದನ್ನೂ ನೋಡಬೇಕು. ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಅದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದು. ಕೃಷಿ ಕಾಲೇಜು ಕೃಷಿ ವಿಶ್ವವಿದ್ಯಾಲಯಕ್ಕೂ ಪಶುವೈದ್ಯಕೀಯ ಕಾಲೇಜು ಬೀದರಿನ ವಿಶ್ವವಿದ್ಯಾಲಯಕ್ಕೂ ಸೇರಿವೆ. ಒಂದೇ ಊರಿನ ಜ್ಞಾನಸಂಪತ್ತು ನಾಲ್ಕು ದಿಕ್ಕಿಗೆ ಹಂಚಿಹೋಗಿ, ಕಲೆ, ವಿಜ್ಞಾನ, ವಾಣಿಜ್ಯದ ಪದವಿ ಕಾಲೇಜುಗಳು ಮಾತ್ರ ಹಾಸನ ವಿಶ್ವವಿದ್ಯಾಲಯದ ಪಾಲಿಗೆ ಬಂದವು. ಹೀಗೆ ಆದಾಯವೂ ವೈವಿಧ್ಯವೂ ಇಲ್ಲದಂತೆ ಕಟ್ಟಿದ ಸಂಸ್ಥೆಯನ್ನು ಆರ್ಥಿಕವಾಗಿ ಸ್ವಾವಲಂಬಿಯಲ್ಲವೆಂದು ದೂರುವುದು ವಿಪರ್ಯಾಸ.

ಈ ಸಂದರ್ಭದಲ್ಲಿ ಫ್ರಾನ್ಸಿನ ಅನುಭವ ಗಮನಾರ್ಹ. ವಿದ್ಯಾರ್ಥಿಗಳ ಸಂಖ್ಯೆ ಏರಿ ಹಳೆಯ ವಿಶ್ವವಿದ್ಯಾಲಯಗಳು ಕಿಕ್ಕಿರಿದಾಗ ಅಲ್ಲಿನ ಸರ್ಕಾರ 1990ರ ದಶಕದಲ್ಲಿ ಪ್ಯಾರಿಸ್‌ನಿಂದ ದೂರದ ಪಟ್ಟಣಗಳಲ್ಲೂ ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನು ತೆರೆಯಿತು. ಅಟ್ಲಾಂಟಿಕ್ ತೀರದ ಬಂದರು ಪಟ್ಟಣ ಲಾ ರೋಷೆಲ್‌ನಲ್ಲಿ 1993ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಅವುಗಳಲ್ಲೊಂದು. ದೊಡ್ಡ ವಿಶ್ವವಿದ್ಯಾಲಯಗಳೊಡನೆ ಎಲ್ಲ ವಿಷಯಗಳಲ್ಲೂ ಪೈಪೋಟಿ ನಡೆಸುವ ಬದಲು ಅದು ತನ್ನ ಬಾಗಿಲಲ್ಲೇ ಇದ್ದ ಸಮುದ್ರ ತೀರವನ್ನು ಅಧ್ಯಯನದ ಕೇಂದ್ರವಾಗಿ ಆಯ್ದುಕೊಂಡಿತು. ಆ ದೇಶದಲ್ಲೇ ವಿಲೀನಗಳೂ ನಡೆದಿವೆ. 2009ರಲ್ಲಿ ಸ್ಟ್ರಾಸ್‌ಬರ್ಗ್‌ನ ಮೂರು ವಿಶ್ವವಿದ್ಯಾಲಯಗಳು ಒಂದಾದವು. ಆದರೆ ಅವು ಒಂದೇ ನಗರದ ಸಂಸ್ಥೆಗಳು. ಊರಿನಿಂದ ಜ್ಞಾನ ಹೊರಗೆ ಹೋಗಲಿಲ್ಲ.

ಲಾ ರೋಷೆಲ್‌ಗೆ ಕಡಲಿದ್ದಂತೆ ಹಾಸನಕ್ಕೆ ಏನಿದೆ? ಹೇಮಾವತಿ ಇದೆ. ಗೊರೂರಿನ ಬಳಿಯ ಜಲಾಶಯದಲ್ಲಿ ಮುಳುಗಿದ ಊರುಗಳ ಕಥೆ, ನಾಲೆಯ ನೀರು ತುಮಕೂರು, ಮಂಡ್ಯ ಜಿಲ್ಲೆಗಳಿಗೆ ಹರಿಯುವ ಬಗೆಗಿನ ತಕರಾರು ಚುನಾವಣಾ ಭಾಷಣಗಳಲ್ಲಿ ಕೇಳಿಬರುವಷ್ಟು ಅಧ್ಯಯನದ ಕೊಠಡಿಯಲ್ಲಿ ಕೇಳಿಬಂದಿಲ್ಲ. ಪಂಜಾಬಿನ ಬಿತ್ತನೆ ಗೆಡ್ಡೆಯನ್ನು ನಂಬಿ ಆಲೂಗೆಡ್ಡೆ ಬೆಳೆಯುತ್ತಿದ್ದ ರೈತ ಅಂಗಮಾರಿ ರೋಗಕ್ಕೆ ಸೋತು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದ್ದಾನೆ. ಆ ಪಲ್ಲಟದಲ್ಲಿ ಅವನ ಸಾಲ, ಅವನ ಮಣ್ಣು ಏನಾದವು? ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಗೆ ತಂಬಾಕು ತರುವ ರೈತ, ಜಗತ್ತು ಹೊಗೆಸೊಪ್ಪನ್ನು ದೂರವಿಡತೊಡಗಿರುವಾಗ ನಾಳೆ ಏನು ಬೆಳೆಯಬೇಕು? ಇವು ಕೃಷಿ ವಿಜ್ಞಾನಕ್ಕೆ ಸೇರಿದಷ್ಟೇ ಅರ್ಥಶಾಸ್ತ್ರಕ್ಕೂ ಸಮಾಜಶಾಸ್ತ್ರಕ್ಕೂ ಸೇರಿದ ಪ್ರಶ್ನೆಗಳು.

ಇನ್ನು ಹಲ್ಮಿಡಿ ಶಾಸನ ದೊರೆತ ಜಿಲ್ಲೆ ಇದು. ಶ್ರವಣಬೆಳಗೊಳದ ಬೆಟ್ಟಗಳ ಮೇಲೆ ನೂರಾರು ಶಾಸನಗಳಿವೆ. ಬೇಲೂರು, ಹಳೇಬೀಡುಗಳ ದೇವಾಲಯಗಳು ಸೋಮನಾಥಪುರದೊಡನೆ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಶಾಸನ ಓದುವ, ಶಿಲ್ಪ ಸಂರಕ್ಷಿಸುವ, ಕನ್ನಡದಿಂದ ಹೊರಭಾಷೆಗಳಿಗೆ ಅನುವಾದಿಸುವ ತರುಣರನ್ನು ತಯಾರಿಸಲು ಇದಕ್ಕಿಂತ ತಕ್ಕ ನೆಲ ಬೇರೆಲ್ಲಿದೆ?

ಆದ್ದರಿಂದ ಸರ್ಕಾರ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಆಯ್ದ ಕೆಲವು ವಿಭಾಗಗಳಿಗಾದರೂ ಕಾಯಂ ಅಧ್ಯಾಪಕರನ್ನು ನೇಮಿಸಬೇಕು. ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ಸಂಶೋಧನಾ ಸಂಸ್ಥೆಯನ್ನು ಕಟ್ಟಲಾಗದು. ಎರಡನೆಯದಾಗಿ, ಹೇಮಾವತಿ ಕಣಿವೆ ಮತ್ತು ಹೊಯ್ಸಳ ಪರಂಪರೆಯ ಅಧ್ಯಯನವನ್ನು ಇಲ್ಲಿನ ವಿಶೇಷ ಹೊಣೆಯಾಗಿ ವಹಿಸಬೇಕು. ಮೂರನೆಯದಾಗಿ, ಒಂದೇ ಊರಿನಲ್ಲಿರುವ ಕೃಷಿ, ಪಶುವೈದ್ಯಕೀಯ, ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳೊಡನೆ ಗ್ರಂಥಾಲಯ, ಪ್ರಯೋಗಾಲಯ, ಅಧ್ಯಾಪಕರನ್ನು ಹಂಚಿಕೊಳ್ಳುವ ವ್ಯವಸ್ಥೆ ರೂಪಿಸಬೇಕು. ಇದಕ್ಕೆ ದೊಡ್ಡ ಕಟ್ಟಡ ಬೇಡ, ಆಡಳಿತದ ಇಚ್ಛಾಶಕ್ತಿ ಸಾಕು. ವಿಲೀನವೇ ಅನಿವಾರ್ಯವೆನ್ನುವುದಾದರೆ ಹೇಮಗಂಗೋತ್ರಿಗೆ ಶೈಕ್ಷಣಿಕ ಸ್ವಾಯತ್ತತೆಯನ್ನೂ ಪ್ರತ್ಯೇಕ ಅನುದಾನವನ್ನೂ ಕಾನೂನಿನಲ್ಲೇ ಖಾತರಿಪಡಿಸಬೇಕು.

ವಿಶ್ವವಿದ್ಯಾಲಯವನ್ನು ತೆರೆಯುವಾಗ ಈ ಜಿಲ್ಲೆಗೆ ಅದು ಏಕೆ ಬೇಕೆಂದು ಯಾರೂ ಗಂಭೀರವಾಗಿ ಕೇಳಲಿಲ್ಲ. ಮುಚ್ಚುವ ಮಾತು ಬಂದಾಗಲೂ ಕೇಳಲಿಲ್ಲ. ಆಯವ್ಯಯದ ಲೆಕ್ಕವಷ್ಟೇ ಮುಂದೆ ಬಂತು. ಅರಕಲಗೂಡಿನಿಂದ ಬೆಳಗಿನ ಬಸ್ಸು ಹತ್ತುವ ಹುಡುಗಿಯ ಲೆಕ್ಕವೂ ಒಂದಿದೆ. ಅದನ್ನು ಆಕೆಯ ಮನೆಯವರು ಮಾತ್ರವಲ್ಲ, ವಿಧಾನಸೌಧವೂ ಹಾಕಬೇಕಾಗಿದೆ.