ಬಾಲವೇ ಅದರ ಬೀಸಣಿಗೆ



ಮಕ್ಕಳ ರಜೆಯಲ್ಲಿ ಮೈಸೂರಿಗೆ ಹೋದವರು ಅರಮನೆಯ ಬಳಿ ನಿಂತ ಟಾಂಗಾಗಳನ್ನು ನೋಡಿರುತ್ತೀರಿ. ವಿಜಯಪುರಕ್ಕೆ ಗೋಲ್‌ಗುಂಬಜ್ ನೋಡಲು ಹೋದವರಿಗೂ ಟಾಂಗಾ ಹೊಸತಲ್ಲ. ಮಕ್ಕಳು ಹಟ ಹಿಡಿಯುತ್ತಾರೆ, ನಾವು ಬಾಡಿಗೆಗೆ ಚೌಕಾಸಿ ಮಾಡುತ್ತೇವೆ, ಹತ್ತಿ ಕೂರುತ್ತೇವೆ. ಆದರೆ ಗಾಡಿಗೆ ಕಟ್ಟಿದ ಕುದುರೆಯ ಮುಖವನ್ನು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ?

ಮುಂದಿನ ಸಲ ಹತ್ತುವ ಮುನ್ನ ಒಂದು ನಿಮಿಷ ನಿಂತು ನೋಡಿ. ಅದರ ಕಣ್ಣಿನ ಮೂಲೆಯಲ್ಲಿ ನೊಣಗಳು ಮುತ್ತಿರುತ್ತವೆ. ಅದು ತಲೆ ಕೊಡವುತ್ತದೆ, ನೊಣಗಳು ಎದ್ದು ಮತ್ತೆ ಅಲ್ಲೇ ಕೂರುತ್ತವೆ. ಭುಜದ ಚರ್ಮ ತಟಕ್ಕನೆ ಅದುರುತ್ತದೆ. ಕಾಲು ನೆಲಕ್ಕೆ ಬಡಿಯುತ್ತದೆ. ಬಾಲ ಅತ್ತಿತ್ತ ಬೀಸುತ್ತದೆ. ನಾವು ಅದನ್ನು ಕುದುರೆಯ ತುಂಟತನ ಎಂದುಕೊಳ್ಳುತ್ತೇವೆ. ನಿಜವಾಗಿ ಅದು ದಿನವಿಡೀ ನಡೆಸುವ ಹೋರಾಟ. ಒಂದೇ ಒಂದು ನೊಣ ಕೂತರೂ ಗೊತ್ತಾಗುವಷ್ಟು ಸೂಕ್ಷ್ಮವಾದ ಚರ್ಮ ಅದರದ್ದು. ನಮಗಾದರೆ ಕೈಗಳಿವೆ. ಅದಕ್ಕೆ ಏನಿದೆ?

ಈ ಪ್ರಶ್ನೆಗೆ ಉತ್ತರ ಹದೀಸಿನಲ್ಲೇ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಕುದುರೆಗಳ ಮುಂಗೂದಲನ್ನಾಗಲಿ, ಕುತ್ತಿಗೆಯ ಕೂದಲನ್ನಾಗಲಿ, ಬಾಲವನ್ನಾಗಲಿ ಕತ್ತರಿಸಬಾರದೆಂದು ಪ್ರವಾದಿವರ್ಯರು(ಸ) ತಡೆದ ಬಗ್ಗೆ ಅಬೂದಾವೂದ್ ಗ್ರಂಥದಲ್ಲಿ ವರದಿಯಿದೆ. ಅದಕ್ಕೆ ಕಾರಣವನ್ನೂ ಅಲ್ಲಿ ಹೇಳಲಾಗಿದೆ. ಬಾಲವು ಅದಕ್ಕೆ ನೊಣ ಓಡಿಸುವ ಸಾಧನ, ಕುತ್ತಿಗೆಯ ಕೂದಲು ಅದಕ್ಕೆ ಬೆಚ್ಚನೆಯ ಹೊದಿಕೆ, ಮುಂಗೂದಲಲ್ಲಿ ಒಳಿತು ಕಟ್ಟಲ್ಪಟ್ಟಿದೆ ಎಂಬುದು ಅದರ ಸಾರ. ಯುದ್ಧ, ಪ್ರಯಾಣ, ಸಮಾಜದ ಕಟ್ಟುವಿಕೆ ಎಂಬ ನೂರು ಹೊಣೆಗಳ ನಡುವೆಯೂ ಕುದುರೆಯೊಂದು ನೊಣದಿಂದ ಪಡುವ ಕಷ್ಟ ಅವರ(ಸ) ಗಮನದಿಂದ ಜಾರಲಿಲ್ಲ. ಅವರು(ಸ) ತಮ್ಮ ಮೇಲುಹೊದಿಕೆಯಿಂದಲೇ ಕುದುರೆಯ ಮುಖ ಒರೆಸುತ್ತಿದ್ದುದನ್ನು ಜನರು ಕಂಡು ವಿಚಾರಿಸಿದ ಪ್ರಸಂಗ ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿದೆ. ಕುದುರೆಗಳ ವಿಷಯದಲ್ಲಿ ರಾತ್ರಿ ತಮಗೆ ಎಚ್ಚರಿಕೆ ಬಂದಿತೆಂದು ಅವರು(ಸ) ತಿಳಿಸಿದರು.

ಇನ್ನೊಂದು ಕಡೆ ನೋಡಿ. ಯುರೋಪಿನಲ್ಲಿ ಗಾಡಿ ಕುದುರೆಗಳ ಬಾಲವನ್ನು ಮೂಳೆ ಸಹಿತ ಕತ್ತರಿಸುವುದು ಬಹಳ ಕಾಲ ಫ್ಯಾಶನ್ ಆಗಿತ್ತು. ಬಾಲ ಲಗಾಮಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ಒಂದು ನೆಪ, ಚಂದ ಕಾಣುತ್ತದೆ ಎಂಬುದು ಇನ್ನೊಂದು. ಆನ್ನಾ ಸೀವೆಲ್ ಎಂಬ ಇಂಗ್ಲಿಷ್ ಮಹಿಳೆ ಬಾಲ್ಯದಲ್ಲೇ ಕಾಲಿಗೆ ಪೆಟ್ಟಾಗಿ ನಡೆಯಲು ಕಷ್ಟಪಡುತ್ತಿದ್ದವರು, ಓಡಾಟಕ್ಕೆ ಕುದುರೆಗಾಡಿಯನ್ನೇ ನಂಬಿದ್ದವರು. 1877ರಲ್ಲಿ ಅವರು ಪ್ರಕಟಿಸಿದ 'ಬ್ಲ್ಯಾಕ್ ಬ್ಯೂಟಿ' ಕಾದಂಬರಿಯಲ್ಲಿ ಬಾಲ ಕಳಕೊಂಡ ಮುದಿ ಕುದುರೆಯೊಂದು, ನೊಣ ಕಚ್ಚಿದರೂ ಓಡಿಸಲಾಗದ ತನ್ನ ಸಂಕಟವನ್ನು ಹೇಳಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂದದ್ದು 1949ರಲ್ಲಿ. ಮದೀನದ ಆ ಮಾತಿಗೂ ಈ ಕಾನೂನಿಗೂ ನಡುವೆ ಸುಮಾರು ಹದಿಮೂರು ಶತಮಾನಗಳ ಅಂತರ!

ಆದರೆ ಸಹೋದರಿಯರೇ, ಹೆಮ್ಮೆಪಟ್ಟು ಸುಮ್ಮನಾದರೆ ಸಾಲದು. ನಮ್ಮಲ್ಲಿ ಬಾಲದ ಮೂಳೆ ಕತ್ತರಿಸದಿರಬಹುದು. ಆದರೆ ಕುದುರೆಯನ್ನು ಗಾಡಿಯ ಮರಗಳ ನಡುವೆ ಕಟ್ಟಿ ನಿಲ್ಲಿಸುತ್ತೇವೆ, ಮದುವೆ ಮೆರವಣಿಗೆಗೆಂದು ಬಾಲ ಹೆಣೆದು ರಿಬ್ಬನ್ ಬಿಗಿಯುತ್ತೇವೆ, ಮೋಟು ಹಗ್ಗದಲ್ಲಿ ಗೂಟಕ್ಕೆ ಕಟ್ಟುತ್ತೇವೆ. ಬಯಲಿನಲ್ಲಿದ್ದರೆ ಅದು ಗಾಳಿ ಬೀಸುವ ಕಡೆಗೆ ಓಡುತ್ತಿತ್ತು, ಧೂಳಿನಲ್ಲಿ ಹೊರಳುತ್ತಿತ್ತು, ಜೊತೆಗಾರ ಕುದುರೆಯ ಪಕ್ಕ ತಲೆಗೆ ಬಾಲವಾಗಿ ನಿಂತು ಒಂದರ ಮುಖಕ್ಕೆ ಇನ್ನೊಂದು ಬೀಸುತ್ತಿತ್ತು. ಅದರ ಉಪಾಯಗಳನ್ನೆಲ್ಲ ನಾವು ಕಿತ್ತುಕೊಂಡ ಮೇಲೆ ಆ ಬೀಸಣಿಗೆಯ ಹೊಣೆ ಯಾರದ್ದು? ಕಟ್ಟಿದವನದ್ದೇ ಅಲ್ಲವೇ?

ನೊಣವೆಂದರೆ ಬರೀ ಕಿರಿಕಿರಿಯಲ್ಲ. 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಸೇನಾ ಪಶುವೈದ್ಯರು, ಬಡಕಲಾಗಿ ಸಾಯುತ್ತಿದ್ದ ಕುದುರೆ ಮತ್ತು ಒಂಟೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಹರಿದಾಡುವ ಅತಿಸೂಕ್ಷ್ಮ ಜೀವಿಯನ್ನು ಕಂಡುಹಿಡಿದರು. ಆ ರೋಗದ ಹೆಸರು ಸರ್ರಾ. ಬಿಟ್ಟು ಬಿಟ್ಟು ಜ್ವರ, ರಕ್ತಹೀನತೆ, ಕಾಲು ಮತ್ತು ಹೊಟ್ಟೆಯಡಿ ಊತ, ತಿಂದರೂ ಮೈಹಿಡಿಯದಿರುವುದು ಇದರ ಲಕ್ಷಣಗಳು. ಇದನ್ನು ಹರಡುವುದು ಮುಖ್ಯವಾಗಿ ಬಿಸಿಲಿನಲ್ಲಿ ಹಾರಾಡುವ, ಚರ್ಮ ಸೀಳಿ ರಕ್ತ ಹೀರುವ ದೊಡ್ಡ ನೊಣಗಳು. ರೋಗವಿರುವ ಪ್ರಾಣಿಯನ್ನು ಕಚ್ಚುತ್ತಿರುವಾಗ ಬಾಲದ ಏಟು ಬಿದ್ದರೆ ನೊಣ ಎದ್ದು ಪಕ್ಕದ ಪ್ರಾಣಿಯ ಮೇಲೆ ಕೂರುತ್ತದೆ, ಬಾಯಿಗೆ ಮೆತ್ತಿದ ರಕ್ತದೊಂದಿಗೆ ರೋಗವನ್ನೂ ಕೊಟ್ಟುಬಿಡುತ್ತದೆ. ಸರ್ರಾ ನಮ್ಮ ದೇಶದಲ್ಲಿ ಇಂದಿಗೂ ಇದೆ. ಕುದುರೆ ಕಾರಣವಿಲ್ಲದೆ ಸೊರಗಿದರೆ ನಾಟಿ ಮದ್ದಿನಲ್ಲಿ ದಿನ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು. ರೋಗದ ಪ್ರಾಣಿಯನ್ನು ಉಳಿದವುಗಳಿಂದ ಸಾಕಷ್ಟು ದೂರ ಕಟ್ಟಬೇಕು.

ಸಣ್ಣ ಕೀಟ ದೊಡ್ಡ ನಾಶ ಮಾಡಬಲ್ಲದು. 1959ರಿಂದ 1961ರವರೆಗೆ ಆಫ್ರಿಕನ್ ಕುದುರೆ ರೋಗವು ಪಶ್ಚಿಮ ಏಷ್ಯಾದಿಂದ ಭಾರತದವರೆಗೆ ಹಬ್ಬಿದಾಗ 3 ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವು ಎಂದು ಅಂದಾಜಿಸಲಾಗಿದೆ. ಅದನ್ನು ಹೊತ್ತು ತಂದದ್ದು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ನುಸಿ. ಆ ರೋಗ ನಮ್ಮಲ್ಲಿ 1960ರ ದಶಕದಲ್ಲೇ ನಿಂತುಹೋಯಿತು. ಆದರೆ ಅದು ಕಲಿಸಿದ ಪಾಠ ನಿಂತಿಲ್ಲ. ಎಲ್ಲರೂ ಸೇರಿದರೂ ಒಂದು ನೊಣವನ್ನು ಸೃಷ್ಟಿಸಲಾರರೆಂದು ಪವಿತ್ರ ಕುರ್‌ಆನ್‌ನ ಅಲ್‌ಹಜ್ಜ್ ಅಧ್ಯಾಯ ಮನುಷ್ಯನಿಗೆ ಅವನ ಮಿತಿಯನ್ನು ತೋರಿಸಿಕೊಡುತ್ತದೆ. ಸೃಷ್ಟಿಸಲಾರೆವು ನಿಜ, ಆದರೆ ಅದು ನಮ್ಮ ಮನೆ ಮುಂದೆ ಮೊಟ್ಟೆಯಿಡದಂತೆ ನೋಡಿಕೊಳ್ಳಬಲ್ಲೆವು.

ಈಗ ಟಾಂಗಾವನ್ನೇ ನಂಬಿ ಬದುಕುವ ಮನೆಯ ಸಹೋದರಿಯರಲ್ಲಿ ಒಂದು ಮಾತು. ಲಗಾಮು ಗಂಡಸರ ಕೈಯಲ್ಲಿದ್ದರೂ ಹುರಳಿ ನೆನೆಸುವುದು, ಹುಲ್ಲು ಹಾಕುವುದು, ಲಾಯ ಗುಡಿಸುವುದು ಹೆಚ್ಚಾಗಿ ನಿಮ್ಮ ಪಾಲಿಗೇ ಬಂದಿರುತ್ತದೆ. "ಮಕ್ಕಳಿಗೇ ಸೊಳ್ಳೆಪರದೆ ಇಲ್ಲ, ಕುದುರೆಗೆ ಎಲ್ಲಿಂದ ತರೋಣ?" ಎಂದು ನೀವು ಕೇಳಿದರೆ ಅದು ತಪ್ಪಲ್ಲ. ಆದರೆ ನೆನಪಿಡಿ, ಲದ್ದಿಯಲ್ಲಿ ಹುಟ್ಟಿದ ನೊಣ ಕುದುರೆಯ ಕಣ್ಣಿನಿಂದ ಎದ್ದು ನೇರವಾಗಿ ನಿಮ್ಮ ಮಗುವಿನ ಅನ್ನದ ತಟ್ಟೆಗೆ ಬರುತ್ತದೆ. ಭೇದಿಯ ರೋಗಾಣುಗಳು ಅದರ ಕಾಲಿನಲ್ಲೇ ಬರುತ್ತವೆ. ಹಾಗಾಗಿ ಕುದುರೆಗೆ ಮಾಡುವ ಈ ಸೇವೆ ಮಕ್ಕಳಿಗೂ ಮಾಡಿದಂತೆ. ಇದರಲ್ಲಿ ಹೆಚ್ಚಿನದಕ್ಕೆ ಹಣ ಬೇಕಿಲ್ಲ.

ಮೊದಲನೆಯದು ಲದ್ದಿ. ಮನೆನೊಣ ಒಂದು ಸಲಕ್ಕೆ ನೂರರಷ್ಟು ಮೊಟ್ಟೆಯಿಡುತ್ತದೆ, ಸೆಕೆಗಾಲದಲ್ಲಿ ಅವು ಏಳರಿಂದ ಹತ್ತು ದಿನಗಳಲ್ಲಿ ಹಾರುವ ನೊಣಗಳಾಗುತ್ತವೆ. ಕುದುರೆಯ ಕಾಲಿಗೆ ಕಚ್ಚುವ ಲಾಯದ ನೊಣ ಮೂತ್ರದಿಂದ ಒದ್ದೆಯಾದ ಹುಲ್ಲಿನಲ್ಲಿ ಬೆಳೆಯುತ್ತದೆ, ಅದಕ್ಕೆ ಸುಮಾರು ಮೂರು ವಾರ ಸಾಕು. ಆದ್ದರಿಂದ ದಿನವೂ ಲದ್ದಿಯನ್ನೂ ಒದ್ದೆ ಹುಲ್ಲನ್ನೂ ತೆಗೆದರೆ ನೊಣದ ಸಂತಾನ ಅಲ್ಲಿಗೇ ತುಂಡಾಗುತ್ತದೆ. ತೆಗೆದದ್ದನ್ನು ಲಾಯದಿಂದಲೂ ಬಾವಿಯಿಂದಲೂ ದೂರ ರಾಶಿ ಹಾಕಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ. ಒಳಗಿನ ಬಿಸಿಗೆ ಹುಳಗಳು ಸಾಯುತ್ತವೆ, ಗೊಬ್ಬರವೂ ಚೆನ್ನಾಗಿ ಕಳಿಯುತ್ತದೆ. ನೀರಿನ ತೊಟ್ಟಿಯನ್ನು ಎರಡು ಮೂರು ದಿನಗಳಿಗೊಮ್ಮೆ ಉಜ್ಜಿ ತೊಳೆದರೆ ಸೊಳ್ಳೆಯ ಮರಿಗಳಿಗೂ ಜಾಗವಿರುವುದಿಲ್ಲ.

ಎರಡನೆಯದು ಕಣ್ಣು. ಹಳೆಯ ಹತ್ತಿಯ ನೂಲಿನಿಂದ ಹೆಣೆದ ಗೇಣುದ್ದದ ಎಳೆಗಳನ್ನು ಹಣೆಪಟ್ಟಿಗೆ ಒತ್ತೊತ್ತಾಗಿ ಕಟ್ಟಿ ಇಳಿಬಿಡಿ. ಕುದುರೆ ತಲೆಯಾಡಿಸಿದಾಗ ಅವೂ ಆಡಿ ನೊಣ ಕೂರಲು ಬಿಡುವುದಿಲ್ಲ. ಲಾಯದಲ್ಲಿ ನಿಂತಿರುವಾಗ ಹರಿದ ಸೊಳ್ಳೆಪರದೆಯ ಬಟ್ಟೆಯಿಂದ ಮುಖವಾಡವನ್ನೂ ಹೊಲಿಯಬಹುದು. ಕಣ್ಣಿನ ಜಾಗದಲ್ಲಿ ನೆರಿಗೆ ಹಿಡಿದು ಬಟ್ಟೆ ಕಣ್ಣಿಗೆ ತಾಗದಂತೆ ಉಬ್ಬಿಸಿರಬೇಕು. ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂತೆ ಅಂಟುಪಟ್ಟಿ ಹಾಕಬೇಕು. ರಾತ್ರಿ ಬಿಚ್ಚಬೇಕು. ದಿನಕ್ಕೆರಡು ಸಲ ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಣ್ಣಿನ ಮೂಲೆ ಒರೆಸಿ. ಮುವತ್ತಾದ ಆ ಪ್ರಸಂಗವನ್ನು ನೆನೆದುಕೊಂಡು ಒರೆಸಿದರೆ ಅದರ ಸವಿಯೇ ಬೇರೆ.

ಮೂರನೆಯದು ಗಾಯ. ಜೀನು, ಪಟ್ಟಿ ಉಜ್ಜಿ ಆದ ಹುಣ್ಣಿನ ಮೇಲೆ ನೊಣ ಕೂತರೆ ಹುಳ ಬೀಳುತ್ತದೆ. ಇನ್ನೊಂದು ಬಗೆಯಲ್ಲಿ ನೊಣವೇ ಹೊತ್ತುತಂದ ಸಣ್ಣ ಜಂತುಗಳು ಹುಣ್ಣನ್ನು ತಿಂಗಳುಗಟ್ಟಲೆ ಮಾಯಲು ಬಿಡುವುದಿಲ್ಲ. ಮಳೆಗಾಲದಲ್ಲಿ ಉಲ್ಬಣಿಸುವುದರಿಂದ ಉತ್ತರ ಭಾರತದಲ್ಲಿ ಇದಕ್ಕೆ ಬರ್ಸಾತಿ ಎಂಬ ಹೆಸರೇ ಇದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ ಗಾಯ ತೊಳೆಯಿರಿ. ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ, ಫಿನಾಯಿಲ್ ಹಚ್ಚಲೇಬೇಡಿ. ಗಾಯ ಮಾಯುವ ತನಕ ಆ ಜಾಗಕ್ಕೆ ಪಟ್ಟಿ ತಾಗದಂತೆ ನೋಡಿಕೊಳ್ಳಿ.

ನಾಲ್ಕನೆಯದು ಹೊತ್ತು ಮತ್ತು ಗಾಳಿ. ದೊಡ್ಡ ನೊಣಗಳ ಕಾಟ ಬಿಸಿಲಿನಲ್ಲಿ, ನುಸಿ ಮತ್ತು ಸೊಳ್ಳೆಯದ್ದು ಮಗ್ರಿಬ್‌ನಿಂದ ಬೆಳಗಿನ ಜಾವದ ತನಕ. ಹಗಲು ನೆರಳಿನಲ್ಲಿ, ರಾತ್ರಿ ಗಾಳಿಯಾಡುವ ಕಡೆ ಕಟ್ಟಿ. ನುಸಿಗಳು ಬಲವಾಗಿ ಹಾರಲಾರವು, ಒಂದು ಹಳೆಯ ಫ್ಯಾನು ತಿರುಗಿದರೂ ಹತ್ತಿರ ಬರಲಾರವು. ವಯರು ಮಾತ್ರ ಕುದುರೆಯ ಬಾಯಿಗೂ ಕಾಲಿಗೂ ಸಿಗಬಾರದು. ಮುಚ್ಚಿದ ಲಾಯದೊಳಗೆ ಹೊಗೆ ಹಾಕಬೇಡಿ, ನೊಣಕ್ಕಿಂತ ಮೊದಲು ಕುದುರೆಯ ಶ್ವಾಸಕೋಶ ಸೋಲುತ್ತದೆ. ಮೈಗೆ ಬಟ್ಟೆ ಹೊದಿಸುವುದಾದರೆ ತೆಳುವಾದ ತಿಳಿಬಣ್ಣದ್ದಿರಲಿ, ಕಡುಬಣ್ಣ ದೊಡ್ಡ ನೊಣಗಳನ್ನು ಕರೆಯುತ್ತದೆ. ಬ್ರಿಟನ್ನಿನಲ್ಲಿ ಕುದುರೆಗಳಿಗೆ ಜೀಬ್ರಾದಂಥ ಕಪ್ಪು ಬಿಳಿ ಪಟ್ಟೆಯ ಹೊದಿಕೆ ಹಾಕಿ ನಡೆಸಿದ ಸಂಶೋಧನೆಯೊಂದು 2019ರಲ್ಲಿ ಪ್ರಕಟವಾಯಿತು. ನೊಣಗಳು ಸುತ್ತ ಹಾರಾಡಿದರೂ ಪಟ್ಟೆಯ ಮೇಲೆ ಬಹಳ ಕಡಿಮೆ ಕೂತವು. ಕಾಡಿನ ಆ ಮೂಕಪ್ರಾಣಿಗೆ ಅಲ್ಲಾಹನು ಮೈಮೇಲೆಯೇ ರಕ್ಷಣೆ ಬರೆದಿಟ್ಟಿದ್ದಾನೆ. ಸುಬ್‌ಹಾನಲ್ಲಾಹ್!

ಕೊನೆಯದು ಔಷಧಿ. ತೆಂಗಿನೆಣ್ಣೆಯಲ್ಲಿ ಸ್ವಲ್ಪ ಬೇವಿನೆಣ್ಣೆ ಬೆರೆಸಿ ಹಚ್ಚುವುದುಂಟು. ಮೊದಲು ಅಂಗೈಯಗಲದ ಜಾಗಕ್ಕೆ ಹಚ್ಚಿ ಒಂದು ದಿನ ಕಾದು ನೋಡಿ. ಕಣ್ಣಿಗೂ ಗಾಯಕ್ಕೂ ಬೇಡ. ಗದ್ದೆಗೆ ಹೊಡೆಯುವ ಕೀಟನಾಶಕವನ್ನು ಪ್ರಾಣಿಯ ಮೈಗೆ ಹಾಕಲೇಬಾರದು. ದನಗಳ ಉಣ್ಣೆಗೆ ಬಳಸುವ ಅಮಿಟ್ರಾಜ್ ಎಂಬ ಔಷಧಿ ಕುದುರೆಗೆ ಅಪಾಯಕಾರಿ, ಕರುಳಿನ ಚಲನೆಯೇ ನಿಂತುಹೋಗಬಹುದು. ಅಂಗಡಿಯವನ ಮಾತಿನ ಮೇಲೆ ತರದೆ ಸರಕಾರಿ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ.

"ನಮ್ಮ ಮನೆಯಲ್ಲಿ ಕುದುರೆಯೇ ಇಲ್ಲವಲ್ಲ" ಎನ್ನುವ ಸಹೋದರಿಯರೂ ಪುಟ ತಿರುಗಿಸಬೇಡಿ. ಮದುವೆಗೆ ಕುದುರೆ ಕರೆಸುವವರು ನಾವೇ. ರಾತ್ರಿಯ ಮೆರವಣಿಗೆಯಲ್ಲಿ ದೀಪದ ಸುತ್ತ ಹುಳಗಳು ಮುತ್ತಿರುತ್ತವೆ, ಅದರ ಬಾಲ ಬಿಗಿದಿರುತ್ತದೆ, ಕಿವಿಯ ಪಕ್ಕ ಪಟಾಕಿ ಸಿಡಿಯುತ್ತಿರುತ್ತದೆ. ಆ ಮೆರವಣಿಗೆಯನ್ನೇ ಬಿಟ್ಟು ಸರಳವಾಗಿ ನಿಕಾಹ್ ಮಾಡಿದರೆ ಅದಕ್ಕಿಂತ ಚಂದ ಬೇರೆ ಏನಿದೆ? ಟಾಂಗಾ ಹತ್ತುವಾಗ ಕಣ್ಣು ಸ್ವಚ್ಛವಾಗಿರುವ, ಮೈಯಲ್ಲಿ ಗಾಯವಿಲ್ಲದ, ಬಾಲ ಬಿಟ್ಟಿರುವ ಕುದುರೆಯ ಗಾಡಿಯನ್ನೇ ಆರಿಸಿ. ಯಾಕೆಂದು ಗಾಡಿಯವರಿಗೆ ಮೃದುವಾಗಿ ಹೇಳಿ. "ಚಾಚಾ, ನಿಮ್ಮ ಕುದುರೆಯನ್ನು ಚೆನ್ನಾಗಿ ನೋಡಿಕೊಂಡಿದ್ದೀರಿ" ಎಂಬ ಒಂದು ಮಾತಿನ ಜೊತೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಬೈಗುಳಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ. ಅವರೂ ದಿನದ ದುಡಿಮೆಗೆ ಬಿಸಿಲಿನಲ್ಲಿ ನಿಂತವರೇ.

ಒಮ್ಮೆ ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರಿಟ್ಟಿತು. ಅವರು(ಸ) ಅದರ ಕಿವಿಯ ಹಿಂದೆ ನೇವರಿಸಿ ಸಮಾಧಾನಪಡಿಸಿ, ಯಜಮಾನನನ್ನು ಕರೆದು, ಅಲ್ಲಾಹನು ವಶಕ್ಕೆ ಕೊಟ್ಟ ಪ್ರಾಣಿಯ ಬಗ್ಗೆ ಅವನನ್ನು ಭಯಪಡಲು ಹೇಳಿದರು. ನಮ್ಮ ಬೀದಿಯ ಕುದುರೆಗಳ ದೂರು ಕೇಳಲು ಇಂದು ಅವರು(ಸ) ನಮ್ಮ ನಡುವೆ ಇಲ್ಲ. ಆದರೆ ಅವರು(ಸ) ಕಲಿಸಿದ್ದು ನಮ್ಮ ಬಳಿ ಇದೆ. ಕಣ್ಣಿನ ಮೂಲೆಯ ಒಂದು ನೊಣವನ್ನು ಓಡಿಸಿದ ಕೈಗೂ ಪ್ರತಿಫಲವಿದೆಯೆಂದು ನಂಬುವವರು ನಾವು.

ನಾಳೆ ಬೆಳಿಗ್ಗೆ ಲಾಯ ಗುಡಿಸುವಾಗ ಬಿಸ್ಮಿಲ್ಲಾಹ್ ಎಂದು ಆರಂಭಿಸಿ. ಇನ್‌ಶಾ ಅಲ್ಲಾಹ್, ಆ ಪೊರಕೆಯೂ ನಿಮ್ಮ ಪರವಾಗಿ ಸಾಕ್ಷಿ ಹೇಳಲಿ.