ಕಣ್ಣಿನ ನರಕ್ಕೆ ‘ಗ್ಯಾರಂಟಿ’ ಚಿಕಿತ್ಸೆ: ಕಾನೂನು ಎಲ್ಲಿದೆ?



‘ಒಣಗಿದ ಕಣ್ಣಿನ ನರಕ್ಕೆ ಮರುಜೀವ, ಫಲಿತಾಂಶ ಗ್ಯಾರಂಟಿ’ ಎಂಬ ಧಾಟಿಯ ಜಾಹೀರಾತುಗಳು ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಎಗ್ಗಿಲ್ಲದೆ ಬರುತ್ತಿವೆ. ಕುರುಡುತನ ಗುಣಪಡಿಸುತ್ತೇವೆಂದು ಸಾರುವ ಔಷಧ ಜಾಹೀರಾತುಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಜಾಹೀರಾತು ಕೊಟ್ಟವರಷ್ಟೇ ಅಲ್ಲ, ಪ್ರಕಟಣೆಯಲ್ಲಿ ಪಾಲ್ಗೊಂಡವರೂ ಅದರ ವ್ಯಾಪ್ತಿಗೆ ಬರುತ್ತಾರೆ.

ಇಂಥ ಮಾತನ್ನು ನಂಬುವಷ್ಟು ಕಂಗಾಲಾದ ಮನೆಗಳಲ್ಲಿ ಲೆಬರ್ ಕಾಯಿಲೆ ಬಂದವರದೂ ಒಂದು. ಜರ್ಮನಿಯ ನೇತ್ರತಜ್ಞ ಥಿಯೋಡೋರ್ ಲೆಬರ್ 1871ರಲ್ಲಿ ವಿವರಿಸಿದ, ಕಣ್ಣಿನ ನರದ ಈ ಆನುವಂಶಿಕ ತೊಂದರೆ ಹೆಚ್ಚಾಗಿ ಹರೆಯದ ಗಂಡುಮಕ್ಕಳನ್ನು ಹಿಡಿಯುತ್ತದೆ. ನೋವಿಲ್ಲ, ಕೆಂಪಿಲ್ಲ, ಒಂದು ಕಣ್ಣಿನ ನಡುದೃಷ್ಟಿ ಮಂಜಾಗುತ್ತದೆ, ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಇನ್ನೊಂದೂ ಹೋಗುತ್ತದೆ. ನರದ ಉರಿಯೂತವೆಂದು ತಿಳಿದು ಸ್ಟೀರಾಯ್ಡ್ ಕೊಡುವುದುಂಟು. ಆದರೆ ದೋಷ ಇರುವುದು ತಾಯಿಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎಯಲ್ಲಿ. ಬಹುಪಾಲು ರೋಗಿಗಳಲ್ಲಿ 11778, 3460, 14484 ಎಂಬ ಮೂರು ರೂಪಾಂತರಗಳಲ್ಲಿ ಒಂದಿರುತ್ತದೆ. ರಕ್ತಪರೀಕ್ಷೆಯಲ್ಲಿ ಅದು ಸಿಗುತ್ತದೆ.

ಈ ಸಂಖ್ಯೆಗಳಲ್ಲೇ ಜಾಹೀರಾತುದಾರರ ಬಂಡವಾಳ ಅಡಗಿದೆ. 14484 ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಿಂಗಳುಗಳು, ವರ್ಷಗಳು ಕಳೆದಂತೆ ದೃಷ್ಟಿ ತಾನಾಗಿಯೇ ಒಂದಿಷ್ಟು ಮರಳುತ್ತದೆ. 11778 ಇದ್ದರೆ ಆ ಭಾಗ್ಯ ಕೆಲವರಿಗಷ್ಟೇ. ದೃಷ್ಟಿ ಮರಳುವ ಹೊತ್ತಿಗೆ ಯಾರ ಪುಡಿ ನೆಕ್ಕುತ್ತಿದ್ದರೋ ಕೀರ್ತಿ ಅವರಿಗೆ!

ವಿಜ್ಞಾನಿಗಳನ್ನೂ ಈ ಚೇತರಿಕೆ ತಬ್ಬಿಬ್ಬು ಮಾಡಿದೆ. ‘ರಿವರ್ಸಲ್’ ಎಂಬ ಪ್ರಯೋಗದಲ್ಲಿ 11778 ಇರುವ 37 ಜನರ ಒಂದು ಕಣ್ಣಿಗೆ ಜೀನ್ ಚಿಕಿತ್ಸೆಯ ಚುಚ್ಚುಮದ್ದು ಕೊಟ್ಟು, ಇನ್ನೊಂದಕ್ಕೆ ಕೊಟ್ಟಂತೆ ನಟಿಸಲಾಯಿತು. 96 ವಾರಗಳ ನಂತರ ಮದ್ದು ಪಡೆದ ಕಣ್ಣು ಚಾರ್ಟಿನಲ್ಲಿ ಸರಾಸರಿ 15 ಅಕ್ಷರ ಸುಧಾರಿಸಿತ್ತು. ಪಡೆಯದ ಕಣ್ಣೂ 13 ಅಕ್ಷರ! ಮದ್ದಿನ ಪ್ರಭಾವ ಆ ಕಣ್ಣಿಗೂ ದಾಟಿತೇ ಎಂಬ ಚರ್ಚೆಯೇ ನಡೆಯಿತು. 2023ರಲ್ಲಿ ಆ ಮದ್ದಿನ ಕಂಪನಿ ಯುರೋಪಿನಲ್ಲಿ ಸಲ್ಲಿಸಿದ್ದ ಅನುಮತಿ ಅರ್ಜಿಯನ್ನು ಹಿಂಪಡೆಯಿತು. ಅಲ್ಲಿ 2015ರಲ್ಲಿ ಒಪ್ಪಿಗೆ ಪಡೆದ ಐಡಿಬಿನೋನ್ ಮಾತ್ರೆಯೂ ಎಲ್ಲರಿಗೂ ಫಲ ಕೊಡುವುದಿಲ್ಲ. ಇಷ್ಟು ಕಾದು, ಅಳೆದು ನೋಡಿದವರೇ ಆಡದ ಗ್ಯಾರಂಟಿಯ ಮಾತನ್ನು ಯಾವ ಆಧಾರದ ಮೇಲೆ ಅಚ್ಚು ಹಾಕಲಾಗುತ್ತಿದೆ?

ಔಷಧ ನಿಯಂತ್ರಣ ಇಲಾಖೆ ದೂರಿಗಾಗಿ ಕಾಯದೆ ಪ್ರಕರಣ ದಾಖಲಿಸಲಿ. ಪತ್ರಿಕೆಗಳು ಇಂಥ ಜಾಹೀರಾತನ್ನು ಬಾಗಿಲಲ್ಲೇ ತಿರಸ್ಕರಿಸಲಿ. ಹರೆಯದವರ ಎರಡೂ ಕಣ್ಣು ನೋವಿಲ್ಲದೆ ಮಂಕಾದಾಗ ಜಿಲ್ಲಾಸ್ಪತ್ರೆಯಿಂದಲೇ ರಕ್ತದ ಮಾದರಿ ಜೀನ್ ಪರೀಕ್ಷೆಗೆ ಹೋಗುವ ವ್ಯವಸ್ಥೆ ಬರಲಿ. ವರದಿಯ ಜೊತೆಗೆ, ಅದೇ ದೋಷ ಹೊತ್ತಿರಬಹುದಾದ ತಾಯಿಯ ಕಡೆಯ ಬಂಧುಗಳು ಬೀಡಿ, ಸಿಗರೇಟು, ಮಿತಿಮೀರಿದ ಕುಡಿತ ಬಿಡಬೇಕೆಂಬ ಸಲಹೆಯನ್ನೂ ವೈದ್ಯರು ಬರೆದುಕೊಡಲಿ.

– ಓದುಗ, ಶಿವಮೊಗ್ಗ