ಕ್ರಿಪ್ಟೊ ವಿಳಾಸ: ತುದಿ ನೋಡಿ ಮೋಸಹೋಗುವವರು

2024ರ ಮೇ ತಿಂಗಳ ಆರಂಭದಲ್ಲಿ ಈಥೀರಿಯಂ ಜಾಲದ ಬಳಕೆದಾರರೊಬ್ಬರು 1,155 ಬಿಟ್‌ಕಾಯಿನ್‌ಗಳಿಗೆ ಸಮನಾದ ಟೋಕನ್‌ಗಳನ್ನು, ಅಂದರೆ ಸುಮಾರು 6.8 ಕೋಟಿ ಡಾಲರ್‌ಗಳನ್ನು, ತಮ್ಮ ಕೈಯಾರೆ ವಂಚಕನಿಗೆ ಕಳುಹಿಸಿದರು. ಯಾರೂ ಬೀಗ ಮುರಿಯಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ. ಅವರನ್ನು ಅಜಾಗರೂಕರೆನ್ನುವಂತೆಯೂ ಇಲ್ಲ. ಮೊದಲು ಅಲ್ಪ ಮೊತ್ತ ಕಳುಹಿಸಿ ಪರೀಕ್ಷಿಸಿಯೂ ಇದ್ದರು. ಆ ಪರೀಕ್ಷೆಯೇ ವಂಚಕನಿಗೆ ದಾರಿ ತೋರಿಸಿತು.

ಈಥೀರಿಯಂ ವಿಳಾಸದಲ್ಲಿ 42 ಅಕ್ಷರ-ಅಂಕಿಗಳಿರುತ್ತವೆ. ಅನೇಕ ವ್ಯಾಲೆಟ್‌ಗಳು ಪರದೆಯ ಮೇಲೆ ತೋರಿಸುವುದು ಮೊದಲ ಹಾಗೂ ಕೊನೆಯ ಕೆಲವನ್ನು ಮಾತ್ರ. ಇಲ್ಲಿನ ಲೆಕ್ಕದ ಪುಸ್ತಕ ಎಲ್ಲರಿಗೂ ತೆರೆದಿರುವುದರಿಂದ ವಂಚಕ ಅದನ್ನು ಗಮನಿಸುತ್ತಿರುತ್ತಾನೆ. ಎರಡೂ ತುದಿ ಹೋಲುವ ವಿಳಾಸವೊಂದನ್ನು ಸೃಷ್ಟಿಸಿ, ಅದರಿಂದ ಬೆಲೆಯಿಲ್ಲದ ವಹಿವಾಟೊಂದನ್ನು ನಡೆಸುತ್ತಾನೆ. ಅದು ನಮ್ಮ ವಹಿವಾಟಿನ ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಮುಂದಿನ ಬಾರಿ ಪಟ್ಟಿಯಿಂದಲೇ ವಿಳಾಸ ನಕಲಿಸಿದರೆ ಅವನ ಕೆಲಸ ಮುಗಿಯಿತು.

ಯುಪಿಐ ಪಾವತಿಯಲ್ಲಿ ಸ್ವೀಕರಿಸುವವರ ಹೆಸರು ಕಾಣುತ್ತದೆ. ಕ್ರಿಪ್ಟೊ ವಿಳಾಸಕ್ಕೆ ಹೆಸರೇ ಇಲ್ಲ. ಬಿಟ್‌ಕಾಯಿನ್ ವಿಳಾಸದೊಳಗೆ ಅಡಗಿರುವ ತಾಳೆ ಅಂಕಿ ಕೈತಪ್ಪನ್ನು ಹಿಡಿಯಬಲ್ಲದು. ಆದರೆ ಕಳ್ಳನ ವಿಳಾಸವೂ ಗಣಿತದ ದೃಷ್ಟಿಯಲ್ಲಿ ಸರಿಯಾದ ವಿಳಾಸವೇ ಅಲ್ಲವೇ?

ಹಾಗಾಗಿ ಹೊಸಬರು ಹಳೆಯ ಪಟ್ಟಿಯನ್ನು ನಂಬಬಾರದು. ವಿಳಾಸವನ್ನು ಸ್ವೀಕರಿಸುವವರಿಂದಲೇ ಪಡೆದು, ಉಳಿಸಿಟ್ಟುಕೊಂಡು, ನಡುವಿನ ಅಕ್ಷರಗಳನ್ನೂ ತಾಳೆ ನೋಡಬೇಕು. ನಕಲಿಸಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಿಸಿಬಿಡುವ ಕುತಂತ್ರಾಂಶಗಳೂ ಇರುವುದರಿಂದ, ಅಂಟಿಸಿದ ಮೇಲೆ ಮತ್ತೊಮ್ಮೆ ಓದಬೇಕು. ಇನ್ನೊಂದು ಗೊಂದಲವೂ ಸಾಮಾನ್ಯ: ಸ್ವೀಕೃತಿ ವಿಳಾಸವನ್ನು ಇತರರಿಗೆ ಕೊಟ್ಟರೆ ಹಣ ಹೋಗುವುದಿಲ್ಲ, ನಮ್ಮ ವಹಿವಾಟು ಅವರಿಗೆ ತಿಳಿಯುತ್ತದೆ ಅಷ್ಟೆ. ವ್ಯಾಲೆಟ್ ನೀಡುವ 12 ಅಥವಾ 24 ಪದಗಳ ಸರಣಿಯನ್ನು ಕೊಟ್ಟರೆ ಎಲ್ಲವೂ ಹೋದಂತೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಅದೇ ಜುಲೈನಿಂದ ಮಾರಾಟದ ಮೇಲೆ ಶೇ 1 ಮುರಿತ ಜಾರಿಗೆ ಬಂದವು. 2023ರ ಮಾರ್ಚ್‌ನಲ್ಲಿ ಈ ವಹಿವಾಟನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ವಸೂಲಿಗೂ ಕಣ್ಗಾವಲಿಗೂ ಏರ್ಪಾಡಾಯಿತು, ರಕ್ಷಣೆಗೆ ಮಾತ್ರ ಆಗಲಿಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ, ಕ್ರಿಪ್ಟೊಗೆ ಅಂಥದ್ದಿಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಕಳವಾದಾಗ ಸಾಮಾನ್ಯ ಹೂಡಿಕೆದಾರರಿಗೆ ಇದು ಅರಿವಾಯಿತು.

ಮೇ ತಿಂಗಳ ಆ ಪ್ರಕರಣದಲ್ಲಿ ಬಹುಪಾಲು ಹಣ ಕೆಲವೇ ದಿನಗಳಲ್ಲಿ ಹಿಂದಿರುಗಿತು. ಕಳೆದುಕೊಂಡವರು ವಂಚಕನಿಗೇ ಸಂದೇಶ ಕಳುಹಿಸಿ, ಒಂದು ಪಾಲು ಬಿಟ್ಟುಕೊಡುವುದಾಗಿ ಚೌಕಾಶಿ ಮಾಡಬೇಕಾಗಿತ್ತು.